ಜೆಟ್ ಎಂಜಿನ್‌ಗಳ ಆಯುರ್ಮಿತಿ ಭಾಗಗಳು: ಸೇವೆಯಿಂದ ನಿವೃತ್ತಿಗೊಳಿಸುವ ನಿಯಮಗಳು (ಸಾರ್ವಜನಿಕರ ಮಾಹಿತಿಗಾಗಿ)

ನಾಗರಿಕ ವಿಮಾನಗಳ ಜೆಟ್ ಎಂಜಿನ್‌ನಲ್ಲಿ ಅಳವಡಿಸಲಾಗಿರುವ ಕೆಲವು ಭಾಗಗಳನ್ನು, ಅವು ನೋಡಲು ಎಷ್ಟೇ ಸುಸ್ಥಿತಿಯಲ್ಲಿದ್ದರೂ, ನಿಗದಿಪಡಿಸಿದ ಬಳಕೆ ಪೂರ್ಣಗೊಂಡೊಡನೆ ಕಡ್ಡಾಯವಾಗಿ ತೆಗೆದುಹಾಕತಕ್ಕದ್ದು. ಇವುಗಳನ್ನು ಆಯುರ್ಮಿತಿ ಭಾಗಗಳು ಎಂದು ಕರೆಯಲಾಗುತ್ತದೆ. ಕಾರ್ಯಾಗಾರಗಳಲ್ಲಿ ಎಲ್‌ಎಲ್‌ಪಿ ಎಂಬ ಹೆಸರೇ ರೂಢಿಯಲ್ಲಿದೆ. ವಿಮಾನ ನಿರ್ವಹಣಾ ಸಂಸ್ಥೆಯ ಅನುಮೋದನೆಗೆ ಅರ್ಜಿ ಸಲ್ಲಿಸುವವರು, ಬಿಡಿಭಾಗಗಳನ್ನು ಕೊಳ್ಳುವವರು ಮತ್ತು ಮಾರುವವರು, ಹಳೆಯ ಎಂಜಿನ್‌ಗಳನ್ನು ಬೋಧನೆಗಾಗಿ ಪಡೆಯಬಯಸುವ ತರಬೇತಿ ಸಂಸ್ಥೆಗಳು ಹಾಗೂ ಹರಾಜಿನಲ್ಲಿ ಲೋಹದ ಗುಜರಿಯನ್ನು ಖರೀದಿಸುವವರು ಈ ಮಾಹಿತಿಯನ್ನು ಗಮನಿಸುವುದು ಅವಶ್ಯ.

ಭಾರತದಲ್ಲಿ ಈ ವಿಷಯವು 2025ರ ಜನವರಿ 1ರಿಂದ ಜಾರಿಯಲ್ಲಿರುವ ಭಾರತೀಯ ವಾಯುಯಾನ ಅಧಿನಿಯಮ, 2024ರ ಚೌಕಟ್ಟಿನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ವ್ಯಾಪ್ತಿಗೆ ಒಳಪಡುತ್ತದೆ. ನಿರ್ದೇಶನಾಲಯವು ಹೊರಡಿಸಿರುವ ಸಿಎಆರ್-ಎಂ ಮತ್ತು ಸಿಎಆರ್-145 ಎಂಬ ಅವಶ್ಯಕತೆಗಳು ಇದಕ್ಕೆ ಮುಖ್ಯವಾಗಿ ಅನ್ವಯಿಸುತ್ತವೆ. ಸೇನಾ ವಿಮಾನಗಳ ವ್ಯವಸ್ಥೆ ಪ್ರತ್ಯೇಕವಾಗಿದ್ದು, ಅವುಗಳ ಹಾರಾಟ ಯೋಗ್ಯತೆಯನ್ನು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಸೆಮಿಲ್ಯಾಕ್ ಸಂಸ್ಥೆಯು ನೋಡಿಕೊಳ್ಳುತ್ತದೆ. ಅವು ಈ ಪುಟದ ವ್ಯಾಪ್ತಿಯಲ್ಲಿಲ್ಲ.

ಯಾವ ಭಾಗಗಳು ಇದರಲ್ಲಿ ಸೇರುತ್ತವೆ

ಎಂಜಿನ್‌ನ ಎಲ್ಲ ಭಾಗಗಳಿಗೂ ಆಯುರ್ಮಿತಿ ಇರುವುದಿಲ್ಲ. ಅತಿವೇಗದಲ್ಲಿ ತಿರುಗುವ ಮತ್ತು ಮುರಿದಲ್ಲಿ ವಿಮಾನಕ್ಕೇ ಅಪಾಯ ತರುವ ಭಾಗಗಳಿಗೆ ಮುಖ್ಯವಾಗಿ ಮಿತಿ ವಿಧಿಸಲಾಗುತ್ತದೆ. ಮುಂಭಾಗದ ಫ್ಯಾನ್ ಡಿಸ್ಕ್, ಕಂಪ್ರೆಸರ್ ಮತ್ತು ಟರ್ಬೈನ್‌ಗಳ ಡಿಸ್ಕ್‌ಗಳು, ಅವುಗಳನ್ನು ಜೋಡಿಸುವ ಶಾಫ್ಟ್‌ಗಳು, ತಿರುಗುವ ಸೀಲ್‌ಗಳು ಇದಕ್ಕೆ ಉದಾಹರಣೆಗಳು. ಬೋಯಿಂಗ್ 737 ವಿಮಾನಗಳಲ್ಲಿ ಬಳಕೆಯಲ್ಲಿರುವ ಸಿಎಫ್‌ಎಂ 56-7ಬಿ ಎಂಜಿನ್‌ನಲ್ಲಿ ಇಂತಹ 18 ಭಾಗಗಳಿವೆ.

ರೆಕ್ಕೆಯಂತಹ ಬ್ಲೇಡ್ ಒಂದು ಮುರಿದರೆ ಅದನ್ನು ಎಂಜಿನ್‌ನ ಹೊರಕವಚವು ತಡೆದು ಹಿಡಿಯಬೇಕೆಂಬುದು ಪ್ರಮಾಣೀಕರಣದ ಷರತ್ತು. ಇದನ್ನು ಪರೀಕ್ಷೆಯಲ್ಲಿ ಬ್ಲೇಡನ್ನು ಉದ್ದೇಶಪೂರ್ವಕವಾಗಿ ಕಳಚಿ ತೋರಿಸಲಾಗುತ್ತದೆ. ಡಿಸ್ಕ್‌ನ ವಿಷಯದಲ್ಲಿ ಇದು ಸಾಧ್ಯವಿಲ್ಲ. ಮೇಲೆ ಹೇಳಿದ ಎಂಜಿನ್‌ನ ಒಳ ಶಾಫ್ಟ್‌ವ್ಯೂಹವು ಪೂರ್ಣ ವೇಗದಲ್ಲಿ ನಿಮಿಷಕ್ಕೆ 14,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಒಡೆದ ಡಿಸ್ಕಿನ ತುಂಡನ್ನು ತಡೆಯಬಲ್ಲ ಕವಚವನ್ನು ಹೊತ್ತು ವಿಮಾನ ಹಾರಲಾರದು. ಆದ್ದರಿಂದ ಡಿಸ್ಕ್ ಒಡೆಯದಂತೆ ನೋಡಿಕೊಳ್ಳುವುದೊಂದೇ ಮಾರ್ಗವಾಗಿದ್ದು, ಆಯುರ್ಮಿತಿಯ ನಿಯಮಗಳೆಲ್ಲವೂ ಇದರಿಂದಲೇ ಹುಟ್ಟಿವೆ.

ಆಯುಷ್ಯವನ್ನು ಎಣಿಸುವ ಕ್ರಮ

ಈ ಭಾಗಗಳ ಆಯುಷ್ಯವನ್ನು ವರ್ಷಗಳಲ್ಲಿ ಎಣಿಸುವುದಿಲ್ಲ. ಸಾಮಾನ್ಯವಾಗಿ ಹಾರಾಟದ ಗಂಟೆಗಳಲ್ಲಿಯೂ ಅಲ್ಲ, ಆವರ್ತಗಳಲ್ಲಿ ಎಣಿಸಲಾಗುತ್ತದೆ. ಒಂದು ಬಾರಿ ಮೇಲೇರಿ ಒಂದು ಬಾರಿ ಇಳಿದರೆ ಅದು ಒಂದು ಆವರ್ತ. ಮೇಲೇರುವಾಗ ಡಿಸ್ಕ್ ಪೂರ್ಣ ವೇಗಕ್ಕೂ ಪೂರ್ಣ ತಾಪಕ್ಕೂ ಏರಿ, ಇಳಿದ ಮೇಲೆ ತಣಿಯುತ್ತದೆ. ಹೀಗೆ ಎಳೆದು ಬಿಡುವ ಕ್ರಿಯೆ ಸಾವಿರಾರು ಬಾರಿ ನಡೆದಾಗ ಲೋಹವು ದಣಿದು ಸೂಕ್ಷ್ಮ ಬಿರುಕು ಮೂಡುತ್ತದೆ. ತಂತಿಯನ್ನು ಅತ್ತಿತ್ತ ಬಾಗಿಸುತ್ತಿದ್ದರೆ ಕೊನೆಗೊಮ್ಮೆ ತುಂಡಾಗುವುದನ್ನು ಎಲ್ಲರೂ ಕಂಡಿರುತ್ತಾರೆ. ಅಲ್ಲಿಯೂ ಲೆಕ್ಕಕ್ಕೆ ಬರುವುದು ಎಷ್ಟು ಸಲ ಬಾಗಿತೆಂಬುದೇ.

ಈ ಕಾರಣದಿಂದ ಬೆಂಗಳೂರಿನಿಂದ ಮಂಗಳೂರಿಗೆ ಹಾರಿದರೂ ಒಂದೇ ಆವರ್ತ, ಬೆಂಗಳೂರಿನಿಂದ ಲಂಡನ್‌ಗೆ ಹಾರಿದರೂ ಒಂದೇ ಆವರ್ತ. ಉದಾಹರಣೆಗೆ 20,000 ಆವರ್ತಗಳ ಮಿತಿಯಿರುವ ಡಿಸ್ಕ್ ಒಂದನ್ನು ದಿನಕ್ಕೆ 6 ಬಾರಿ ಹಾರುವ ದೇಶೀಯ ವಿಮಾನದಲ್ಲಿ ವರ್ಷಕ್ಕೆ 350 ದಿನ ಬಳಸಿದರೆ ಸುಮಾರು ಒಂಬತ್ತೂವರೆ ವರ್ಷಗಳಲ್ಲಿ ಅದರ ಮಿತಿ ಮುಗಿಯುತ್ತದೆ. ದಿನಕ್ಕೆ 2 ಬಾರಿ ಮಾತ್ರ ಹಾರುವ ವಿಮಾನದಲ್ಲಾದರೆ 28 ವರ್ಷಗಳಿಗೂ ಹೆಚ್ಚು ಕಾಲ ಉಳಿಯುತ್ತದೆ. ಒಂದೇ ಎಂಜಿನ್‌ನಲ್ಲಿಯೂ ಎಲ್ಲ ಭಾಗಗಳ ಮಿತಿ ಸಮನಾಗಿರುವುದಿಲ್ಲ. ಸಿಎಫ್‌ಎಂ 56 ಶ್ರೇಣಿಯಲ್ಲಿ ಭಾಗದ ಸ್ಥಾನಕ್ಕನುಸಾರವಾಗಿ 20,000, 25,000 ಮತ್ತು 30,000 ಆವರ್ತಗಳು ವಿನ್ಯಾಸದ ಗುರಿಗಳಾಗಿವೆ. ನಿರ್ದಿಷ್ಟ ಭಾಗಸಂಖ್ಯೆಗೆ ಅನ್ವಯವಾಗುವ ಮಿತಿಯನ್ನು ತಯಾರಕರ ಕೈಪಿಡಿಯ ಹಾರಾಟ ಯೋಗ್ಯತಾ ಮಿತಿಗಳ ಅಧ್ಯಾಯದಲ್ಲಿಯೇ ನೋಡತಕ್ಕದ್ದು.

ಒಂದೇ ಭಾಗವನ್ನು ಬೇರೆ ಬೇರೆ ನೂಕುಬಲದ ಎಂಜಿನ್‌ಗಳಲ್ಲಿ ಬಳಸಿದ್ದಲ್ಲಿ ಲೆಕ್ಕ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಕಡಿಮೆ ನೂಕುಬಲದಲ್ಲಿ 20,000 ಹಾಗೂ ಹೆಚ್ಚಿನ ನೂಕುಬಲದಲ್ಲಿ 15,000 ಆವರ್ತಗಳ ಮಿತಿ ಇದೆ ಎಂದಿಟ್ಟುಕೊಳ್ಳಬಹುದು. ಮೊದಲನೆಯದರಲ್ಲಿ 10,000 ಆವರ್ತ ಪೂರೈಸಿದ ಭಾಗದ ಅರ್ಧ ಆಯುಷ್ಯ ಮುಗಿದಿರುತ್ತದೆ. ಎರಡನೆಯದರಲ್ಲಿ ಅದಕ್ಕೆ ಉಳಿಯುವುದು 7,500 ಮಾತ್ರ, 5,000 ಅಲ್ಲ, 10,000 ಅಂತೂ ಅಲ್ಲವೇ ಅಲ್ಲ. ಆದ್ದರಿಂದ ಒಟ್ಟು ಆವರ್ತಗಳ ಸಂಖ್ಯೆಯೊಂದನ್ನೇ ತೋರಿಸುವ ದಾಖಲೆ ಸಾಲದು. ಯಾವ ನೂಕುಬಲದಲ್ಲಿ ಎಷ್ಟು ಎಂಬ ವಿಂಗಡಣೆ ಇರತಕ್ಕದ್ದು.

ಇಲ್ಲಿ ಪದೇ ಪದೇ ಉಂಟಾಗುವ ತಪ್ಪು ಗ್ರಹಿಕೆಯೊಂದಿದೆ. ಓವರ್‌ಹಾಲ್ ಆದ ಎಂಜಿನ್ ಹೊಸದಕ್ಕೆ ಸಮ ಎಂದು ಭಾವಿಸಿ ಅದರೊಳಗಿನ ಡಿಸ್ಕ್‌ಗಳ ಲೆಕ್ಕವೂ ಸೊನ್ನೆಯಿಂದ ಆರಂಭವಾಗುತ್ತದೆ ಎಂದು ಕೆಲವರು ತಿಳಿದಿರುತ್ತಾರೆ. ಓವರ್‌ಹಾಲ್‌ನಿಂದ ಆಯುರ್ಮಿತಿ ಭಾಗದ ಒಂದು ಆವರ್ತವೂ ಕಡಿಮೆಯಾಗುವುದಿಲ್ಲ. ಹುಟ್ಟಿದ ದಿನದಿಂದ ಎಣಿಕೆಯಾದ ಒಟ್ಟು ಆವರ್ತಗಳೇ ಕೊನೆಯವರೆಗೂ ಲೆಕ್ಕಕ್ಕೆ ಬರುತ್ತವೆ.

ಸುಸ್ಥಿತಿಯಲ್ಲಿರುವ ಭಾಗವನ್ನು ಏಕೆ ತೆಗೆಯಬೇಕು

ಇದು ನ್ಯಾಯವಾದ ಪ್ರಶ್ನೆಯೇ. ಸಾಂಪ್ರದಾಯಿಕ ವಿಧಾನದಲ್ಲಿ, ಒಂದೇ ಬಗೆಯ ಸಾವಿರ ಡಿಸ್ಕ್‌ಗಳ ಪೈಕಿ ಒಂದರಲ್ಲಿ ಒಂದು ಮಿಲಿಮೀಟರ್‌ಗೂ ಕಡಿಮೆ ಉದ್ದದ ಬಿರುಕು ಮೂಡಬಹುದಾದ ಹಂತವನ್ನು ಮಿತಿಯೆಂದು ಗೊತ್ತುಪಡಿಸಲಾಗುತ್ತದೆ. ಅಂದರೆ ಉಳಿದ 999 ಡಿಸ್ಕ್‌ಗಳು ಬಿರುಕಿಲ್ಲದೆಯೇ ನಿವೃತ್ತಿ ಹೊಂದುತ್ತವೆ. ಒಂದು ಎಂಜಿನ್‌ನ ಇಂತಹ ಭಾಗಗಳ ಪೂರ್ಣ ಜೋಡಿಗೆ ಹಲವು ದಶಲಕ್ಷ ಡಾಲರ್ ಬೆಲೆಯಿರುವಾಗ ಇದು ದುಂದುವೆಚ್ಚದಂತೆ ಕಾಣುವುದು ಸಹಜ. ಅಮೆರಿಕದ ವಾಯುಸೇನೆಯು ತನ್ನ ಎಫ್ 100 ಎಂಜಿನ್‌ಗಳಲ್ಲಿ ಪ್ರತಿ ಡಿಸ್ಕನ್ನೂ ಪರೀಕ್ಷಿಸಿ, ಬಿರುಕು ಕಂಡವನ್ನು ಮಾತ್ರ ತೆಗೆಯುವ ಕಾರ್ಯಕ್ರಮವನ್ನು ನಡೆಸಿದ್ದೂ ಉಂಟು. ಆದರೆ ಪ್ರಯಾಣಿಕ ವಿಮಾನಗಳಲ್ಲಿ ಆ ಸಾವಿರದಲ್ಲಿ ಒಂದು ಯಾವುದೆಂದು ಮೊದಲೇ ತಿಳಿಯದ ಕಾರಣ, ಎಲ್ಲವನ್ನೂ ತೆಗೆಯುವುದೇ ನಿಯಮವಾಗಿ ಉಳಿದಿದೆ. ಪರಿಶೀಲನೆಯು ಮಿತಿಗೆ ಪರ್ಯಾಯವಲ್ಲ, ಅದಕ್ಕೆ ಪೂರಕ.

ಪರಿಶೀಲನೆಯೂ ವಿಫಲವಾಗಬಹುದು ಎಂಬುದಕ್ಕೆ 1989ರ ಜುಲೈ 19ರ ಘಟನೆ ಸಾಕ್ಷಿ. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ 232ನೇ ಹಾರಾಟದ ಡಿಸಿ-10 ವಿಮಾನದಲ್ಲಿ ಬಾಲದ ಎಂಜಿನ್‌ನ ಫ್ಯಾನ್ ಡಿಸ್ಕ್ ಆಕಾಶದಲ್ಲಿ ಒಡೆಯಿತು. ತುಂಡುಗಳು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನು ಕತ್ತರಿಸಿದವು. ಚಾಲಕರು ಉಳಿದೆರಡು ಎಂಜಿನ್‌ಗಳ ಶಕ್ತಿಯನ್ನು ಹೆಚ್ಚುಕಡಿಮೆ ಮಾಡುತ್ತಲೇ ವಿಮಾನವನ್ನು ಸೂ ಸಿಟಿಯ ನಿಲ್ದಾಣದವರೆಗೆ ತಂದರಾದರೂ ಅಲ್ಲಿ ಅದು ಅಪಘಾತಕ್ಕೀಡಾಯಿತು. ವಿಮಾನದಲ್ಲಿದ್ದ 296 ಜನರ ಪೈಕಿ 112 ಮಂದಿ ಮೃತಪಟ್ಟರು. ಸದರಿ ಡಿಸ್ಕ್ 15,503 ಆವರ್ತಗಳನ್ನು ಪೂರೈಸಿತ್ತು, ಅದರ ಮಿತಿ 18,000 ಆಗಿತ್ತು. ಟೈಟಾನಿಯಂ ಲೋಹವನ್ನು ಕರಗಿಸುವಾಗಲೇ ಉಳಿದುಹೋಗಿದ್ದ ದೋಷದಿಂದ ಬಿರುಕು ಬೆಳೆದಿತ್ತು. ಹಿಂದಿನ ವರ್ಷದ ಪರಿಶೀಲನೆಯ ಕಾಲಕ್ಕೇ ಬಿರುಕು ಇತ್ತೆಂದೂ ಅದು ಕಣ್ತಪ್ಪಿತೆಂದೂ ತನಿಖೆಯಲ್ಲಿ ತಿಳಿದುಬಂದಿತು. ಮೂರು ತಿಂಗಳ ನಂತರ ಆ ಡಿಸ್ಕಿನ ತುಂಡುಗಳು ಅಯೋವಾ ರಾಜ್ಯದ ಮೆಕ್ಕೆಜೋಳದ ಹೊಲದಲ್ಲಿ ದೊರೆತವು. ತಯಾರಕರ ದಾಖಲೆಗಳನ್ನು ನೋಡಿದಾಗ ಒಂದೇ ಸರಣಿ ಸಂಖ್ಯೆಯ ಎರಡು ಡಿಸ್ಕ್‌ಗಳು ನಮೂದಾಗಿದ್ದವು. ದಾಖಲೆಯ ಅಚ್ಚುಕಟ್ಟುತನವನ್ನು ಕಾಗದದ ಕೆಲಸವೆಂದು ಹಗುರವಾಗಿ ಕಾಣುವವರು ಈ ಅಂಶವನ್ನು ಗಮನಿಸಬೇಕು.

1996ರಲ್ಲಿ ಅಮೆರಿಕದ ಪೆನ್ಸಕೋಲದಲ್ಲಿ ಮೇಲೇರಲು ಓಡುತ್ತಿದ್ದ ಎಂಡಿ-88 ವಿಮಾನದ ಫ್ಯಾನ್ ಹಬ್, ರಂಧ್ರ ಕೊರೆಯುವಾಗ ಆದ ಹಾನಿಯ ಕಾರಣ ಒಡೆದು ಇಬ್ಬರು ಪ್ರಯಾಣಿಕರು ಮೃತಪಟ್ಟರು. 2016ರ ಅಕ್ಟೋಬರ್ 28ರಂದು ಷಿಕಾಗೊದಲ್ಲಿ ಬೋಯಿಂಗ್ 767 ವಿಮಾನದ ಟರ್ಬೈನ್ ಡಿಸ್ಕ್ 10,984 ಆವರ್ತಗಳಲ್ಲಿಯೇ ಒಡೆಯಿತು, ಅದರ ಮಿತಿ 15,000 ಆಗಿತ್ತು. ಒಂದು ತುಂಡು ಸುಮಾರು 900 ಮೀಟರ್ ದೂರದ ಗೋದಾಮಿನ ಛಾವಣಿಯನ್ನು ಭೇದಿಸಿತು. ವಿಮಾನ ಇನ್ನೂ ನೆಲದ ಮೇಲೆಯೇ ಇದ್ದುದರಿಂದ 170 ಜನರೂ ಬದುಕುಳಿದರು.

ಮೂರೂ ಪ್ರಕರಣಗಳಲ್ಲಿ ಡಿಸ್ಕ್ ಒಡೆದದ್ದು ಮಿತಿಗಿಂತ ಮೊದಲು. ಲೋಹದಲ್ಲಿ ದೋಷವಿಲ್ಲವೆಂಬ ಊಹೆಯ ಮೇಲೆ ಮಿತಿಯನ್ನು ಲೆಕ್ಕ ಹಾಕಿರುವುದರಿಂದ, ಅದರಾಚೆಗೆ ಬಳಸುವವನು ಇರುವ ಅಲ್ಪ ರಕ್ಷಣೆಯನ್ನೂ ಬಿಟ್ಟುಕೊಟ್ಟಂತಾಗುತ್ತದೆ. ಆದ್ದರಿಂದ ಈ ಮಿತಿಗೆ ರಿಯಾಯಿತಿ ಇರುವುದಿಲ್ಲ. ಬಿಡಿಭಾಗ ಬಂದಿಲ್ಲ, ವಿಮಾನವನ್ನು ಮೂಲ ನಿಲ್ದಾಣಕ್ಕೆ ಮರಳಿಸಬೇಕಿದೆ ಎಂಬ ಕಾರಣಗಳಿಗಾಗಿ ನಿರ್ವಾಹಕರು ತಾವಾಗಿಯೇ ಒಂದೆರಡು ಹಾರಾಟಗಳನ್ನು ಸೇರಿಸಿಕೊಳ್ಳುವಂತಿಲ್ಲ.

ಮಿತಿಯು ಬದಲಾಗಬಹುದು ಎಂಬುದನ್ನೂ ತಿಳಿದಿರತಕ್ಕದ್ದು. ಹೊಸ ದೋಷ ಪತ್ತೆಯಾದಾಗ ಹಾರಾಟ ಯೋಗ್ಯತಾ ನಿರ್ದೇಶನದ ಮೂಲಕ ಅದನ್ನು ಇಳಿಸಲಾಗುತ್ತದೆ. 2023ರಲ್ಲಿ ಏರ್‌ಬಸ್ ಎ320 ನಿಯೊ ವಿಮಾನಗಳ ಪ್ರಾಟ್ ಅಂಡ್ ವಿಟ್ನಿ ಎಂಜಿನ್‌ಗಳ ಡಿಸ್ಕ್ ತಯಾರಿಸಿದ್ದ ಲೋಹದ ಪುಡಿಯಲ್ಲಿ ಕಲ್ಮಶವಿದ್ದುದು ಬೆಳಕಿಗೆ ಬಂದಾಗ, ಭಾರತದ ವಿಮಾನಗಳೂ ಸೇರಿದಂತೆ ನೂರಾರು ವಿಮಾನಗಳ ಎಂಜಿನ್‌ಗಳನ್ನು ಅವಧಿಗೆ ಮುನ್ನವೇ ಕಳಚಿ ಪರಿಶೀಲಿಸಬೇಕಾಯಿತು. ಖರೀದಿಯ ದಿನ ಸರಿಯಾಗಿದ್ದ ಶೇಷ ಆಯುಷ್ಯದ ಲೆಕ್ಕ ಇಂದೂ ಸರಿಯೆಂದು ಭಾವಿಸುವಂತಿಲ್ಲ.

ದಾಖಲೆಗಳು

ಆಯುರ್ಮಿತಿ ಭಾಗದ ಮೌಲ್ಯವಿರುವುದು ಅದರ ದಾಖಲೆಯಲ್ಲಿ. ಭಾಗಸಂಖ್ಯೆ, ಸರಣಿ ಸಂಖ್ಯೆ, ಅನ್ವಯವಾಗುವ ಮಿತಿ, ಇದುವರೆಗೆ ಪೂರೈಸಿದ ಆವರ್ತ ಮತ್ತು ಗಂಟೆಗಳು, ಯಾವ ಯಾವ ಎಂಜಿನ್‌ನಲ್ಲಿ ಯಾವಾಗ ಅಳವಡಿಸಿ ತೆಗೆಯಲಾಯಿತು ಎಂಬ ವಿವರಗಳು ತಯಾರಿಕೆಯ ದಿನದಿಂದ ಎಡೆಬಿಡದೆ ದೊರೆಯುವಂತಿರಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಭಾಗವು ಎಷ್ಟು ಹಾರಿದೆಯೆಂದು ಹೇಳಲು ಬರುವುದಿಲ್ಲ. ಲೋಹವನ್ನು ಯಾವ ಪರೀಕ್ಷೆಗೆ ಒಳಪಡಿಸಿದರೂ ಕಳೆದ ಆವರ್ತಗಳ ಸಂಖ್ಯೆ ಅದರಿಂದ ಹೊರಬೀಳದು. ಅಂತಹ ಭಾಗವನ್ನು ಎಂಜಿನ್‌ಗೆ ಅಳವಡಿಸಲಾಗದು.

ಬಿಡುಗಡೆ ಪ್ರಮಾಣಪತ್ರ, ಅಂದರೆ ಭಾರತದ ಸಿಎ ಫಾರ್ಮ್ 1, ಯುರೋಪಿನ ಇಎಎಸ್‌ಎ ಫಾರ್ಮ್ 1 ಅಥವಾ ಅಮೆರಿಕದ 8130-3, ಭಾಗದೊಂದಿಗೆ ಇರತಕ್ಕದ್ದು. ಆದರೆ ಪ್ರಮಾಣಪತ್ರವಿದ್ದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. 2023ರಲ್ಲಿ ಲಂಡನ್ನಿನ ವ್ಯಾಪಾರಿ ಸಂಸ್ಥೆಯೊಂದು ನಕಲಿ ಪ್ರಮಾಣಪತ್ರಗಳೊಂದಿಗೆ ಎಂಜಿನ್ ಬಿಡಿಭಾಗಗಳನ್ನು ಮಾರಿದ್ದು ಪತ್ತೆಯಾಗಿ, ಹಲವು ದೇಶಗಳ ನೂರಕ್ಕೂ ಹೆಚ್ಚು ಎಂಜಿನ್‌ಗಳಲ್ಲಿ ಅಂತಹ ಭಾಗಗಳಿರುವುದು ಕಂಡುಬಂದಿತು. ಪ್ರಮಾಣಪತ್ರ ನೀಡಿದ್ದೆಂದು ಹೇಳಲಾದ ಸಂಸ್ಥೆಗೇ ನೇರವಾಗಿ ಬರೆದು ಖಚಿತಪಡಿಸಿಕೊಳ್ಳುವುದು ಕ್ಷೇಮ.

ಸಿಎಆರ್-ಎಂ ಪ್ರಕಾರ ಆಯುರ್ಮಿತಿ ಭಾಗದ ಗಂಟೆ ಮತ್ತು ಆವರ್ತಗಳ ದಾಖಲೆಯನ್ನು, ಭಾಗವು ಸೇವೆಯಿಂದ ಶಾಶ್ವತವಾಗಿ ಹಿಂತೆಗೆಯಲ್ಪಟ್ಟ ನಂತರವೂ ಕನಿಷ್ಠ 12 ತಿಂಗಳು ಇರಿಸಿಕೊಳ್ಳತಕ್ಕದ್ದು.

ನಿವೃತ್ತ ಭಾಗಗಳ ವಿಲೇವಾರಿ

ಮಿತಿ ಮುಗಿದ ಭಾಗವನ್ನು ಮರುಬಳಕೆಗೆ ಅನರ್ಹವೆಂದು ವರ್ಗೀಕರಿಸಿ, ಬಳಕೆಯೋಗ್ಯ ಭಾಗಗಳೊಂದಿಗೆ ಬೆರೆಯದಂತೆ ಬೀಗಮುದ್ರೆಯ ಸ್ಥಳದಲ್ಲಿ ಇರಿಸತಕ್ಕದ್ದು, ಇಲ್ಲವೇ ಕೈಬಿಡುವ ಮೊದಲು ದುರಸ್ತಿಗೆ ಬಾರದಂತೆ ವಿರೂಪಗೊಳಿಸತಕ್ಕದ್ದು. ಅಮೆರಿಕದಲ್ಲಿ 2000ದ ಕಾಯಿದೆಯೊಂದರ ಮೇರೆಗೆ 2002ರಲ್ಲಿ ಈ ಬಗ್ಗೆ ಪ್ರತ್ಯೇಕ ನಿಯಮವನ್ನೇ ಸೇರಿಸಲಾಯಿತು. ಎಂಜಿನ್‌ನಿಂದ ತೆಗೆದ ಆಯುರ್ಮಿತಿ ಭಾಗವನ್ನು ದಾಖಲೆ ವ್ಯವಸ್ಥೆ, ಲಗತ್ತಿಸಿದ ಚೀಟಿ, ತಾತ್ಕಾಲಿಕ ಅಥವಾ ಶಾಶ್ವತ ಗುರುತು, ಪ್ರತ್ಯೇಕ ದಾಸ್ತಾನು ಅಥವಾ ವಿರೂಪಗೊಳಿಸುವಿಕೆ, ಇವುಗಳಲ್ಲೊಂದರ ಮೂಲಕ ನಿಯಂತ್ರಿಸಬೇಕೆಂದು ಅದು ಹೇಳುತ್ತದೆ.

ವಿರೂಪಗೊಳಿಸುವುದೆಂದರೆ ಏನೆಂಬ ಬಗ್ಗೆ ಗುಜರಿ ವ್ಯಾಪಾರಿಗಳಲ್ಲಿ ಸ್ಪಷ್ಟತೆ ಇರುವುದಿಲ್ಲ. ಕೆಂಪು ಬಣ್ಣ ಬಳಿಯುವುದು, ಸುತ್ತಿಗೆಯಿಂದ ಹೊಡೆದು ಗುರುತು ಮಾಡುವುದು, ಸಣ್ಣ ರಂಧ್ರ ಕೊರೆಯುವುದು, ತಿರಸ್ಕೃತ ಎಂದು ಅಚ್ಚೊತ್ತುವುದು ಸಾಲದು. ಗರಗಸದಿಂದ ಎರಡೇ ತುಂಡು ಮಾಡುವುದೂ ಸಾಲದೆಂದು ಅಮೆರಿಕದ ನಾಗರಿಕ ವಿಮಾನಯಾನ ಆಡಳಿತದ ಸಲಹಾ ಸುತ್ತೋಲೆ ಹೇಳುತ್ತದೆ. ಕೌಶಲವಿರುವ ವಂಚಕರು ಅವನ್ನು ಬೆಸೆದು, ಉಜ್ಜಿ ಮತ್ತೆ ಮಾರುಕಟ್ಟೆಗೆ ತರಬಲ್ಲರು. ಕರಗಿಸುವುದು, ಅನಿಲಜ್ವಾಲೆಯಿಂದ ದೊಡ್ಡ ಭಾಗವನ್ನೇ ಕತ್ತರಿಸಿ ತೆಗೆಯುವುದು, ಹಲವು ಸಣ್ಣ ತುಂಡುಗಳನ್ನಾಗಿ ಮಾಡುವುದು, ಶಾಶ್ವತವಾಗಿ ಆಕಾರಗೆಡಿಸುವುದು ಒಪ್ಪತಕ್ಕ ಕ್ರಮಗಳು. ಭಾಗಸಂಖ್ಯೆ ಮತ್ತು ಸರಣಿ ಸಂಖ್ಯೆ ಕೆತ್ತಿರುವ ಫಲಕವನ್ನೂ ಅಳಿಸುವುದು ಉಚಿತ. ಯಾವ ಸರಣಿ ಸಂಖ್ಯೆಯ ಭಾಗವನ್ನು ಎಂದು ನಾಶಪಡಿಸಲಾಯಿತೆಂಬ ಪ್ರಮಾಣಪತ್ರವನ್ನು ಛಾಯಾಚಿತ್ರ ಸಹಿತ ಕಡತದಲ್ಲಿರಿಸಿದಲ್ಲಿ ಮುಂದೆ ಅದೇ ಸಂಖ್ಯೆಯ ಭಾಗ ಎಲ್ಲಿಯಾದರೂ ಕಾಣಿಸಿಕೊಂಡಾಗ ಉಪಯೋಗಕ್ಕೆ ಬರುತ್ತದೆ.

ತರಬೇತಿ ಸಂಸ್ಥೆಗಳು ಮತ್ತು ಕಾಲೇಜುಗಳು

ಬೋಧನೆ ಅಥವಾ ಸಂಶೋಧನೆಗಾಗಿ ನಿವೃತ್ತ ಭಾಗವನ್ನು ವಿರೂಪಗೊಳಿಸದೆ ಹಸ್ತಾಂತರಿಸಲು ಅವಕಾಶವಿದೆ. ಸ್ವೀಕರಿಸುವ ಸಂಸ್ಥೆಯು ಅದರ ಹೊಣೆಯನ್ನು ಲಿಖಿತವಾಗಿ ವಹಿಸಿಕೊಳ್ಳತಕ್ಕದ್ದು. ಹಾರಾಟಕ್ಕಲ್ಲ ಎಂಬ ಶಾಶ್ವತ ಗುರುತು ಭಾಗದ ಮೇಲಿರಬೇಕು ಮತ್ತು ಬಿಡುಗಡೆ ಪ್ರಮಾಣಪತ್ರದ ಮೂಲಪ್ರತಿಯನ್ನು ಭಾಗದೊಂದಿಗೆ ಕೊಡಬಾರದು. ಸಂಸ್ಥೆಯು ಮುಚ್ಚಿದಾಗ ಅಥವಾ ಪ್ರಯೋಗಾಲಯದ ಹಳೆಯ ಸಾಮಗ್ರಿಯನ್ನು ಹರಾಜು ಹಾಕುವಾಗ ಈ ಭಾಗಗಳು ಸಾಮಾನ್ಯ ಗುಜರಿಯೊಂದಿಗೆ ಹೊರಹೋಗದಂತೆ ಎಚ್ಚರ ವಹಿಸತಕ್ಕದ್ದು. ಹಸ್ತಾಂತರದ ವೇಳೆ ತೋರುವ ಜಾಗ್ರತೆ ಹತ್ತು ವರ್ಷಗಳ ನಂತರ ಉಳಿದಿರುವುದು ಅಪರೂಪ.

ಸಂಶಯಾಸ್ಪದ ಭಾಗ ಕಂಡುಬಂದಲ್ಲಿ

ಮಾರುಕಟ್ಟೆ ದರಕ್ಕಿಂತ ತೀರಾ ಕಡಿಮೆ ಬೆಲೆ, ತಿದ್ದಿದ ಅಥವಾ ಮತ್ತೆ ಕೆತ್ತಿದಂತೆ ಕಾಣುವ ಸರಣಿ ಸಂಖ್ಯೆ, ಹಿಂದಿನ ಮಾಲೀಕರ ಹೆಸರಿಲ್ಲದ ದಾಖಲೆ, ಛಾಯಾಪ್ರತಿ ಮಾತ್ರ ತೋರಿಸುವ ಮಾರಾಟಗಾರ, ಇವುಗಳಲ್ಲಿ ಯಾವುದು ಕಂಡರೂ ಭಾಗವನ್ನು ಅಳವಡಿಸದೆ, ಮಾರಾಟಗಾರರಿಗೆ ಹಿಂದಿರುಗಿಸದೆ, ಪ್ರತ್ಯೇಕವಾಗಿರಿಸಿ ಡಿಜಿಸಿಎಯ ಸಂಬಂಧಿತ ಪ್ರಾದೇಶಿಕ ಕಚೇರಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಕರ್ನಾಟಕದ ಅರ್ಜಿದಾರರು ಬೆಂಗಳೂರಿನ ಕಚೇರಿಯನ್ನು ಸಂಪರ್ಕಿಸಬಹುದು. ಪತ್ರದಲ್ಲಿ ಭಾಗಸಂಖ್ಯೆ, ಸರಣಿ ಸಂಖ್ಯೆ, ಪ್ರಮಾಣಪತ್ರದ ಸಂಖ್ಯೆ ಹಾಗೂ ಭಾಗವು ಎಲ್ಲಿಂದ ಬಂದಿತೆಂಬ ವಿವರ ಇರಬೇಕು, ಮತ್ತು ದಾಖಲೆಗಳ ಪ್ರತಿಗಳನ್ನು ಲಗತ್ತಿಸಬೇಕು.