ವುಡ್‌ಲ್ಯಾಂಡ್ಸ್ ಉಕ್ಕಡ: ರಹದಾರಿಯ ಚರಿತ್ರೆಯ ಕೆಲವು ಪುಟಗಳು



ಹಿಂದೆ ನಮ್ಮ ನಾಡಿನ ಹೆದ್ದಾರಿಗಳಲ್ಲಿ ಉಕ್ಕಡಗಳಿರುತ್ತಿದ್ದವು. ಸರಕಿಗೆ ಸುಂಕ, ಪಯಣಿಗನಿಗೆ ರಹದಾರಿ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಹುಟ್ಟಿದ್ದು ಅಂಥ ಕಟ್ಟೆಗಳ ಮುಂದೆಯೇ ಇರಬೇಕು. ಪಾಸ್‌ಪೋರ್ಟು, ವೀಸಾಗಳು ಆ ರಹದಾರಿಯ ಮೊಮ್ಮಕ್ಕಳು. ರಜಾದಿನಗಳಲ್ಲಿ ಜೋಹೋರ್ ಬಾರುವಿಗೆ ಹೊರಟು ವುಡ್‌ಲ್ಯಾಂಡ್ಸ್ ತಪಾಸಣಾ ಠಾಣೆಯ ಸಾಲಿನಲ್ಲಿ ನಿಲ್ಲುವ ನಮಗೆ ಆ ಗಡಿ ಅನಾದಿಕಾಲದ್ದೆಂದು ತೋರುತ್ತದೆ. ವಸ್ತುಸ್ಥಿತಿ ಬೇರೆ. ಅಲ್ಲಿ ದಾರಿ ಮೊದಲು ಬಂದಿತು. ಬಾಗಿಲು ಬಂದುದು ನಲವತ್ತಕ್ಕೂ ಹೆಚ್ಚು ವರ್ಷಗಳ ಅನಂತರ.

ಜಲಸಂಧಿಗೆ ಕಲ್ಲು ತುಂಬಿ ಕಟ್ಟಿದ ಕಾಸ್‌ವೇಯನ್ನು ಸೇತುವೆ ಎನ್ನುವುದಕ್ಕಿಂತ ನಮ್ಮ ಕೆರೆಗಳಿಗಿರುವಂಥ ಏರಿ ಎನ್ನುವುದೇ ಸರಿ. ಸುಮಾರು ಒಂದು ಕಿಲೋಮೀಟರ್ ಉದ್ದದ ಈ ಏರಿಯ ಮೇಲೆ 1923ರಲ್ಲಿ ರೈಲು ಓಡಿತು. 1924ರ ಜೂನ್ 28ರಂದು ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. 1942ರ ಜನವರಿ 31ರಂದು ಹಿಮ್ಮೆಟ್ಟುತ್ತಿದ್ದ ಬ್ರಿಟಿಷ್ ಸೇನೆ ಅದನ್ನು ಸಿಡಿಸಿದ್ದೂ, ಜಪಾನೀಯರು ದುರಸ್ತಿ ಮಾಡಿಕೊಂಡು ದಾಟಿದ್ದೂ ಎಲ್ಲರಿಗೂ ತಿಳಿದ ಸಂಗತಿ. ಯುದ್ಧಕಾಲವನ್ನು ಬದಿಗಿಟ್ಟರೆ, ಈ ದಾರಿಯಲ್ಲಿ ಸಾಮಾನ್ಯ ಪಯಣಿಗನಿಂದ ಪಾಸ್‌ಪೋರ್ಟು ಕೇಳುವ ಪದ್ಧತಿ ಅಂದು ಇರಲಿಲ್ಲ.

ಭಾರತೀಯನಿಗೆ ಕಾಗದದ ಪ್ರಶ್ನೆ ಎದುರಾದುದು ಈ ಏರಿಯ ಮೇಲಲ್ಲ, ಹಡಗುಕಟ್ಟೆಯಲ್ಲಿ. ಇಲ್ಲಿ ಕನ್ನಡಿಗರಿಗೆ ಸಂಬಂಧಿಸಿದ ಒಂದು ವಿಚಿತ್ರವನ್ನು ಹೇಳಬೇಕು. ಏಕೀಕರಣಕ್ಕೆ ಮುಂಚೆ ನಾವು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದೆವಷ್ಟೆ. ಮುಂಬಯಿ ಪ್ರಾಂತದ ಧಾರವಾಡದವನೂ ಮದ್ರಾಸ್ ಪ್ರಾಂತದ ಮಂಗಳೂರಿನವನೂ ಕಾನೂನಿನ ದೃಷ್ಟಿಯಲ್ಲಿ ಬ್ರಿಟಿಷ್ ಪ್ರಜೆಗಳು. ಮಹಾರಾಜರ ಪ್ರಜೆಯಾದ ಮೈಸೂರಿನವನು ಹಾಗಲ್ಲ. ಅವನು ‘ಬ್ರಿಟಿಷ್ ರಕ್ಷಿತ ವ್ಯಕ್ತಿ’. ನಿಜಾಮರ ಆಡಳಿತದ ರಾಯಚೂರಿನವನೂ ಅಷ್ಟೆ. ಒಂದೇ ಹಡಗಿನಲ್ಲಿ, ಒಂದೇ ಭಾಷೆಯಾಡುತ್ತ ಬಂದ ಇಬ್ಬರ ಪಾಸ್‌ಪೋರ್ಟುಗಳು ಅವರನ್ನು ಎರಡು ಬಗೆಯವರೆಂದು ಸಾರುತ್ತಿದ್ದವು. ಕುಟುಂಬದ ಹಳೆಯ ಕಾಗದಗಳಲ್ಲಿ ಈ ಮಾತು ಕಂಡರೆ ಬೆಚ್ಚಬೇಕಾಗಿಲ್ಲ. ಅದು ಅಂದಿನ ನಕ್ಷೆಯ ಪ್ರತಿಬಿಂಬ.

ಇಲ್ಲಿ 1933ರಲ್ಲಿ ಜಾರಿಗೆ ಬಂದ ವಿದೇಶೀಯರ ಶಾಸನದ ಗುರಿ ಮುಖ್ಯವಾಗಿ ಚೀನೀ ವಲಸೆ. ಬ್ರಿಟಿಷ್ ಪ್ರಜೆಗಳಿಗೆ ಅದು ಅನ್ವಯಿಸಲಿಲ್ಲ. ಬಾಗಿಲು ಭಾರತೀಯರಿಗೂ ಕಿರಿದಾದುದು 1953ರ ಆಗಸ್ಟ್‌ನಿಂದ ಜಾರಿಯಾದ ವಲಸೆ ಶಾಸನದಿಂದ. ಅಂದಿನಿಂದ ಬರಬೇಕಾದವನು ವಿಶೇಷ ಪರಿಣತಿಯನ್ನೋ ನೌಕರಿಯ ಕರಾರನ್ನೋ ಇಲ್ಲಿ ನೆಲೆಸಿದವರೊಡನೆ ಹತ್ತಿರದ ನಂಟನ್ನೋ ತೋರಿಸಬೇಕಾಯಿತು.

1965ರ ಆಗಸ್ಟ್ 9ರಂದು ಸಿಂಗಪುರ ಮಲೇಷ್ಯಾದಿಂದ ಬೇರೆಯಾಯಿತು. ಅದೇ ವರ್ಷ ಬಂದ ಉದ್ಯೋಗ ನಿಯಂತ್ರಣ ಕಾಯಿದೆಯು ಪೌರರಲ್ಲದವರಿಗೆ ದುಡಿಮೆಯ ಪರವಾನಗಿಯನ್ನು ಕಡ್ಡಾಯಗೊಳಿಸಿತು. ವುಡ್‌ಲ್ಯಾಂಡ್ಸ್‌ಗೆ ಸಮೀಪದ ಸೆಂಬಾವಾಂಗ್ ನೌಕಾನೆಲೆಯನ್ನು ನೆನೆಯಿರಿ. ಅಲ್ಲಿ ದುಡಿಯುತ್ತಿದ್ದ ಭಾರತೀಯರಲ್ಲಿ ಮಲಯಾಳಿಗಳು ಬಹುಸಂಖ್ಯಾತರು. ತಾವು ಯಾವ ದೇಶದ ಪೌರರು ಎಂಬ ಪ್ರಶ್ನೆಯನ್ನು ಅನೇಕರು ಮುಂದೂಡುತ್ತಲೇ ಬಂದಿದ್ದರು. ಬ್ರಿಟಿಷ್ ಸೇನೆ ತೆರಳುವುದೆಂದು 1968ರಲ್ಲಿ ಪ್ರಕಟವಾದಾಗ ಆ ಪ್ರಶ್ನೆಗೆ ಉತ್ತರ ಕೊಡಲೇಬೇಕಾಯಿತು. 1971ರ ಹೊತ್ತಿಗೆ ನೆಲೆಯೂ ತೆರವಾಯಿತು. ಹಲವರು ಇಲ್ಲಿಯವರಾದರು, ಹಲವರು ಬದುಕಿನ ಬಹುಭಾಗವನ್ನು ಇಲ್ಲಿ ಸವೆಸಿ ಊರಿನ ಹಡಗು ಹತ್ತಿದರು.

ಇದರ ನಡುವೆ, 1967ರಲ್ಲಿ, ಏರಿಯ ಮೇಲೆ ಪಾಸ್‌ಪೋರ್ಟ್ ತಪಾಸಣೆ ಬಂದಿತು. ಜಲಸಂಧಿಯ ಆಚೆ ಅಕ್ಕ, ಈಚೆ ತಂಗಿ ಎಂಬಂತಿದ್ದ ಮನೆಗಳಿಗೆ ಹಬ್ಬಕ್ಕೆ ಹೋಗಲೂ ಕಾಗದ ಬೇಕಾಯಿತು. ಈ ಒಡನಾಟಕ್ಕೆಂದೇ ಪಶ್ಚಿಮ ಮಲೇಷ್ಯಾಕ್ಕೆ ಮಾತ್ರ ಸಲ್ಲುವ ‘ಸೀಮಿತ ಪಾಸ್‌ಪೋರ್ಟ್’ ಒಂದನ್ನು ಸಿಂಗಪುರ ಕೊಡಲಾರಂಭಿಸಿತು.

ಅದೇ 1967ರಲ್ಲಿ ಭಾರತದಲ್ಲಿ ಇದಕ್ಕೆ ಇದಿರಾದ ಬೆಳವಣಿಗೆಯೊಂದು ನಡೆಯಿತು. ಪಾಸ್‌ಪೋರ್ಟು ಕೊಡುವುದು ಬಿಡುವುದು ಸರಕಾರದ ಮರ್ಜಿ ಎಂಬ ಭಾವನೆ ಅಲ್ಲಿಯವರೆಗೆ ಇತ್ತು. ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ, ಏಪ್ರಿಲ್ 10ರಂದು, ವಿದೇಶಪ್ರಯಾಣವು ಸಂವಿಧಾನದ 21ನೆಯ ವಿಧಿಯ ವ್ಯಕ್ತಿಸ್ವಾತಂತ್ರ್ಯದಲ್ಲಿ ಅಡಕವಾಗಿದೆಯೆಂದು ಸುಪ್ರೀಂ ಕೋರ್ಟು ಮೂವರು ನ್ಯಾಯಮೂರ್ತಿಗಳ ಬಹುಮತದಿಂದ ತೀರ್ಪಿತ್ತಿತು; ಇಬ್ಬರು ಒಪ್ಪಲಿಲ್ಲ. ಜೂನ್ ತಿಂಗಳಲ್ಲಿ ಪಾಸ್‌ಪೋರ್ಟ್ ಕಾಯಿದೆ ಬಂದಿತು. ಹೊರಡುವ ಹಕ್ಕು ನಮಗೆ ದೊರೆತದ್ದೂ, ಜೋಹೋರಿನ ದಾರಿಗೆ ಬಾಗಿಲು ಬಿದ್ದದ್ದೂ ಒಂದೇ ವರ್ಷ! ಹೊರಡುವುದು ಹಕ್ಕಾಗಬಹುದು, ಇನ್ನೊಂದು ದೇಶದೊಳಗೆ ಹೋಗುವುದು ಮಾತ್ರ ಇಂದಿಗೂ ಆ ದೇಶದ ಅನುಮತಿಯನ್ನೇ ಅವಲಂಬಿಸಿದೆ.

ರೈಲಿನ ಕಥೆ ಇನ್ನೂ ಸ್ವಾರಸ್ಯವಾದುದು. 1998ರ ಆಗಸ್ಟ್ 1ರಿಂದ ಸಿಂಗಪುರವು ತನ್ನ ರೈಲು ತಪಾಸಣೆಯನ್ನು ವುಡ್‌ಲ್ಯಾಂಡ್ಸ್‌ಗೆ ತಂದಿತು. ಮಲೇಷ್ಯಾದ ಅಧಿಕಾರಿಗಳು ತಾಂಜೊಂಗ್ ಪಗಾರ್ ನಿಲ್ದಾಣದಲ್ಲಿಯೇ ಉಳಿದರು. ಪರಿಣಾಮವಾಗಿ ಉತ್ತರಕ್ಕೆ ಹೊರಟ ಪಯಣಿಗನು ಮೊದಲು ಮಲೇಷ್ಯಾವನ್ನು ಪ್ರವೇಶಿಸಿ, ದ್ವೀಪವನ್ನು ಅಡ್ಡಹಾಯ್ದು, ಬಳಿಕ ವುಡ್‌ಲ್ಯಾಂಡ್ಸ್‌ನಲ್ಲಿ ಸಿಂಗಪುರವನ್ನು ಬಿಡುತ್ತಿದ್ದನು! ನಿಲ್ದಾಣವನ್ನು ಕುರಿತು 1990ರಲ್ಲಿ ಆದ ಒಪ್ಪಂದದ ಅರ್ಥವೇನೆಂಬ ವ್ಯಾಜ್ಯದ ಫಲವಿದು. 2011ರ ಜುಲೈ 1ರಿಂದ ಎರಡೂ ತಪಾಸಣೆಗಳು ವುಡ್‌ಲ್ಯಾಂಡ್ಸ್‌ನಲ್ಲಿಯೇ ಒಂದಾದವು.

ಬಾಗಿಲು ಮುಚ್ಚಿಯೇ ಬಿಡಬಹುದೆಂಬುದನ್ನು 2020ರ ಮಾರ್ಚ್ ತೋರಿಸಿತು. ನಿತ್ಯ ಸಂಜೆ ಮನೆಗೆ ಮರಳುತ್ತಿದ್ದವರು ತಿಂಗಳುಗಟ್ಟಲೆ ಆಚೆಯ ದಂಡೆಯನ್ನು ನೋಡುತ್ತ ಕುಳಿತರು. ಗಡಿ ಪೂರ್ಣವಾಗಿ ತೆರೆದುದು 2022ರ ಏಪ್ರಿಲ್ 1ರಂದು.

ನಮ್ಮ ಕುಟುಂಬಗಳ ಮಾತಿಗೆ ಬರೋಣ. ಒಂದೇ ಕಾರಿನಲ್ಲಿ ತಂದೆ ಭಾರತದ ಪಾಸ್‌ಪೋರ್ಟಿನವರು, ಮಗಳು ಸಿಂಗಪುರದ್ದು. ಬಹುಕಾಲ ಮಗಳಿಗೆ ಬೇಡವಾದ ಮಲೇಷ್ಯಾ ವೀಸಾ ತಂದೆಗೆ ಬೇಕಾಗಿತ್ತು. 2023ರ ಡಿಸೆಂಬರ್ 1ರಿಂದ ಮಲೇಷ್ಯಾ ಭಾರತೀಯರಿಗೆ 30 ದಿನಗಳವರೆಗಿನ ಭೇಟಿಗೆ ವೀಸಾ ವಿನಾಯಿತಿ ಕೊಟ್ಟಿತು. ಇದು ಅವಧಿಗೊಳಪಟ್ಟ ವಿನಾಯಿತಿಯಾದುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಲೇಸು. ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಜೋಹೋರಿಗೆ ಕರೆದೊಯ್ಯುವವರು ಇನ್ನೊಂದನ್ನು ಗಮನಿಸಬೇಕು. ಅವರ ಸಿಂಗಪುರ ವೀಸಾ ಒಂದೇ ಪ್ರವೇಶಕ್ಕೆ ಸಲ್ಲುವಂಥದಾದರೆ, ಏರಿಯಿಂದಾಚೆ ಊಟ ಮಾಡಿ ಮರಳುವುದೂ ಎರಡನೆಯ ಪ್ರವೇಶವೇ ಆಗುತ್ತದೆ.

ಸಿಂಗಪುರವು ಸಂದರ್ಶಕರ ಪಾಸ್‌ಪೋರ್ಟುಗಳ ಮೇಲೆ ಮುದ್ರೆಯೊತ್ತುವುದನ್ನು ಕೈಬಿಟ್ಟಿದೆ. ಆಗಮನದ ಕಾರ್ಡೂ ಕಾಗದದ್ದಲ್ಲ. ಆದುದರಿಂದ ಹಿರಿಯರ ರದ್ದಾದ ಪಾಸ್‌ಪೋರ್ಟುಗಳು ಬೀರುವಿನಲ್ಲಿದ್ದರೆ ಎಸೆಯದಿರಿ. ವುಡ್‌ಲ್ಯಾಂಡ್ಸ್‌ನ ಹಳೆಯ ಮುದ್ರೆಗಳಿರುವ ಪುಟಗಳನ್ನು ನಕಲು ಮಾಡಿಸಿ, ಯಾರು, ಏತಕ್ಕಾಗಿ ದಾಟಿದರೆಂಬುದನ್ನು ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದಿಡಿ.