ಗವಾಕ್ಷಿ, ಅಟ್ಟ ಮತ್ತು ಪ್ಲೇಗು



ಕೃಷ್ಣಮೂರ್ತಿಪುರಂನಲ್ಲಿ ಹಳೆಯ ಹೆಂಚಿನ ಮನೆಯೊಂದನ್ನು ಇನ್ನೂ ಉಳಿಸಿಕೊಂಡಿರುವ ನಮ್ಮ ಬಂಧುಗಳೊಬ್ಬರು, "ಅಟ್ಟ ತೆಗೆಸಿ, ಗವಾಕ್ಷಿ ಮುಚ್ಚಿಸಿ, ತಾರಸಿ ಹಾಕಿಸಿ ಎ.ಸಿ. ಇಡಿಸಲೇ?" ಎಂದು ಕೇಳಿದ್ದಾರೆ. ಉತ್ತರಕ್ಕೆ ಮುನ್ನ, ಆ ಗವಾಕ್ಷಿ ಗೋಡೆಯ ಮೇಲೇರಿದ ಕಥೆಯನ್ನು ಹೇಳಬೇಕಾಗಿದೆ. ಮೇಷ್ಟರ ಚಾಳಿ, ಸಹಿಸಿಕೊಳ್ಳಿ.

1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟಿತು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಮನೆಗಳೇ ಈ ಮಾರಿಯ ತವರೆಂಬುದು ಅಂದಿನ ಬಲವಾದ ನಂಬಿಕೆ. ಮುಂಬಯಿಯಲ್ಲಂತೂ ಬಿಸಿಲು ಒಳಬರಲೆಂದು ಅಧಿಕಾರಿಗಳು ಮಾಡಿನ ಹೆಂಚುಗಳನ್ನೇ ತೆಗೆಸಿದ್ದರು. ನಮ್ಮಲ್ಲಿ ದಿವಾನ್ ಪಿ. ಎನ್. ಕೃಷ್ಣಮೂರ್ತಿಯವರ ಆಡಳಿತದಲ್ಲಿ (1901–1906), 1903ರಲ್ಲಿ, ಮೈಸೂರು ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪಿತವಾಯಿತು. ಅಗಲವಾದ ರಸ್ತೆ, ಚರಂಡಿ, ಹೊಸ ಬಡಾವಣೆಗಳ ಯುಗ ಅದು. ಎತ್ತರದ ಗೋಡೆ, ಸೂರಿನ ಕೆಳಗೆ ಎದುರುಬದುರಾಗಿ ಗವಾಕ್ಷಿ – ಇವು ಆ ಆರೋಗ್ಯಚಿಂತನೆಯ ಕೂಸುಗಳು.

ಸ್ವಾರಸ್ಯವೆಂದರೆ, ಅದೇ 1898ರಲ್ಲಿ ಕರಾಚಿಯಲ್ಲಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂದು ಪ್ರಯೋಗದಿಂದ ತೋರಿಸಿದ್ದ. ಅದನ್ನು ಲೋಕ ಒಪ್ಪಲು ವರ್ಷಗಳೇ ಹಿಡಿದವು. ಗಾಳಿಯಾಡಿದ ಮಾತ್ರಕ್ಕೆ ಚಿಗಟ ಓಡುವುದುಂಟೆ? (ಧಾನ್ಯ ತುಂಬಿದ ಅಟ್ಟವಂತೂ ಇಲಿರಾಯನ ಅರಮನೆ!) ಆದರೆ ರೋಗಕ್ಕೆ ಹೆದರಿ ಇಟ್ಟ ಕಿಂಡಿ ಬೇಸಗೆಗೆ ಒದಗಿತು. ಬಿಸಿಯಾದ ಗಾಳಿ ಹಗುರಾಗಿ ಮೇಲೇರುತ್ತದೆ. ಮೇಲೆ ದಾರಿಯಿದ್ದರೆ ಹೊರಹೋಗಿ, ಕೆಳಗಿನ ಕಿಟಕಿಯಿಂದ ತಂಪು ಗಾಳಿಯನ್ನು ಸೆಳೆಯುತ್ತದೆ. ವಿದ್ಯುತ್ತು ಬೇಡ, ಬಿಲ್ಲೂ ಇಲ್ಲ.

ಇನ್ನು ಅಟ್ಟದ ವಿಚಾರ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹೆಂಚು ಘಟ್ಟವನ್ನೂ ಹತ್ತಿತು. ಹೆಂಚು ತೆಳುವು, ಬೇಗ ಕಾಯುತ್ತದೆ, ಸೂರ್ಯ ಮುಳುಗಿದರೆ ಬೇಗ ಆರುತ್ತದೆ. ಹೆಂಚಿನ ಸಂದುಗಳಲ್ಲಿ ಗಾಳಿ ಸುಳಿಯುತ್ತದೆ. ಕೆಳಗೆ ಹಲಗೆಯ ಅಟ್ಟವಿದ್ದರೆ, ನಡುವಿನ ಗಾಳಿಯೇ ಒಂದು ಹೊದಿಕೆ. ಮಲೆನಾಡಿನವರು ಹಲಗೆಯ ಮೇಲೆ ಮಣ್ಣನ್ನೂ ಮೆತ್ತಿ ಮುಚ್ಚಿಗೆ ಮಾಡುತ್ತಿದ್ದರು; ಮಾಡಿಗೆ ಬೆಂಕಿ ಬಿದ್ದರೂ ಕೆಳಗಿನವರಿಗೆ ಅಷ್ಟು ರಕ್ಷಣೆ, ಸೆಕೆಯಿಂದಲೂ ರಕ್ಷಣೆ. ಅನುಕೂಲವಂತರು ಕಟ್ಟಿಸಿದ ಮದರಾಸು ತಾರಸಿಯದು ಬೇರೆ ಉಪಾಯ: ಮರದ ಜಂತೆಗಳ ಮೇಲೆ ಓರೆಯಾಗಿ ಇಟ್ಟಿಗೆ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಗಾರೆ ಹರಡಿ, ಅಳಲೆಕಾಯಿ ಮತ್ತು ಬೆಲ್ಲದ ನೀರು ಚಿಮುಕಿಸಿ, ಹೆಣ್ಣಾಳುಗಳು ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಬಿಸಿಲು ಆ ದಪ್ಪವನ್ನು ದಾಟುವಷ್ಟರಲ್ಲಿ ಸಂಜೆಯಾಗುತ್ತಿತ್ತು.

ಅನಂತರ ಬಂದದ್ದು ಕಾಂಕ್ರೀಟು. ಸೋರುವುದಿಲ್ಲ, ಮೇಲೆ ಮತ್ತೊಂದು ಮಹಡಿ ಎಬ್ಬಿಸಬಹುದು. ಅದರ ಗುಣವನ್ನು ನಾನು ಅಲ್ಲಗಳೆಯಲಾರೆ. ಆದರೆ ಅದು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಮಲಗಿದವರ ಮೇಲೆ ಸುರಿಯುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಹೊರತಂದ 'ಇಕೋ ನಿವಾಸ್ ಸಂಹಿತೆ'ಯ ಪ್ರಕಾರ, ಒಳಹೊರಗಿನ ಉಷ್ಣತೆಯಲ್ಲಿ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಮಾಡಿನ ಒಂದು ಚದರ ಮೀಟರಿನ ಮೂಲಕ 1.2 ವ್ಯಾಟಿಗಿಂತ ಹೆಚ್ಚು ಶಾಖ ಹಾಯಬಾರದು. ಬರಿಯ ಕಾಂಕ್ರೀಟು ಛಾವಣಿಯಲ್ಲಿ ಅದು 3 ವ್ಯಾಟನ್ನೂ ಮೀರುತ್ತದೆ. ಅಂಥ ಕೋಣೆಯ ಎ.ಸಿ. ಬಹುಪಾಲು ಹೋರಾಡುವುದು ಛಾವಣಿಯೊಡನೆಯೇ.

ಆದ್ದರಿಂದ ನನ್ನ ಉತ್ತರ: ಅಟ್ಟ ತೆಗೆಸಬೇಡಿ, ಒಡೆದ ಹೆಂಚು ಮಾತ್ರ ಬದಲಿಸಿ. ಸೊಳ್ಳೆಯ ಭಯವಿದ್ದರೆ ಗವಾಕ್ಷಿಗೆ ಜಾಲರಿ ಹೊಡೆಸಿ. ವಯಸ್ಸಾದವರಿಗೆ ಎ.ಸಿ. ಬೇಕೇಬೇಕೆಂದರೆ ಒಂದು ಕೋಣೆಗೆ ಸಾಕು. ಆ ಕೋಣೆಯ ಗವಾಕ್ಷಿಯನ್ನು ಮಾತ್ರ, ಬೇಕಾದಾಗ ತೆರೆಯುವಂತೆ, ಮುಚ್ಚಿಸಿ. ಈಗಾಗಲೇ ಕಾಂಕ್ರೀಟಿನಡಿ ಇರುವ ಹಳೆಯ ವಿದ್ಯಾರ್ಥಿಗಳು ಪ್ರತಿವರ್ಷ ಶಿವರಾತ್ರಿಯ ಹೊತ್ತಿಗೆ ತಾರಸಿಗೆ ಬಿಳಿ ಸುಣ್ಣ ಬಳಿಸಿದರೂ ವ್ಯತ್ಯಾಸ ಕಾಣುತ್ತದೆ. ಅಂದಹಾಗೆ, ಆ ಅಟ್ಟದ ತಾಮ್ರದ ಹಂಡೆಗಳನ್ನು ಮೊದಲು ಕೆಳಗಿಳಿಸಿ. ಪೂರ್ವದ ಗವಾಕ್ಷಿಗೆ ಅಡ್ಡವಾಗಿ ಕುಳಿತಿವೆ.