ಟ್ಯಾಂಕು ಸಾಗಿಸಿದ ಟ್ರಕ್ಕುಗಳ ಯುಗ್ಮನಿರ್ಣಯ

ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಗಳನ್ನು ಸಾಗಿಸಿದ ಅಮೆರಿಕದ ಟ್ರಕ್ಕುಗಳು ಇಂದು ಉಳಿದಿರುವೆಡೆಗಳಲ್ಲಿ, ಯಾವುದಕ್ಕೆ ಯಾವ ಟ್ರೈಲರು ಸಲ್ಲುವುದೆಂಬ ಪ್ರಶ್ನೆಯನ್ನು ಎಂಜಿನಿನ ಬಲವೊಂದರಿಂದಲೇ ತೀರ್ಮಾನಿಸುವುದು ಯುಕ್ತವಲ್ಲ. ಭಾರವು ಎಲ್ಲಿ ನಿಲ್ಲುವುದೆಂಬುದೇ ಇಲ್ಲಿ ಪ್ರಮಾಣವು.

೧೯೪೦ರಲ್ಲಿ ಬ್ರಿಟಿಷರು ಬಯಸಲಾಗಿ ಡೈಮಂಡ್ ಟಿ ಸಂಸ್ಥೆಯು ರೂಪಿಸಿದ ‘೯೮೦’ ಟ್ರಕ್ಕನ್ನು ಅಮೆರಿಕದ ಸೈನ್ಯವು ಎಂ-೨೦ ಎಂದು ಕರೆಯಿತು. ಅದು ಎಳೆಯುತ್ತಿದ್ದ ೪೫ ಟನ್ನಿನ ಎಂ-೯ ಟ್ರೈಲರು ಇಪ್ಪತ್ತನಾಲ್ಕು ಗಾಲಿಗಳ ಮೇಲೆ ಹೊರೆಯನ್ನೆಲ್ಲ ತಾನೇ ಹೊರುತ್ತಿತ್ತು. ಟ್ರಕ್ಕಿಗೆ ಅದರ ಪಾಲು ಬಾರದುದರಿಂದ, ಹಿಂದಿನ ಗಾಲಿಗಳು ನೆಲವನ್ನು ಹಿಡಿಯಲೆಂದು ಬೆನ್ನಿನ ಪೆಟ್ಟಿಗೆಯಲ್ಲಿ ತೂಕ ತುಂಬಬೇಕಾಯಿತು. ಎಂ-೨೬ರ ರೀತಿಯೇ ಬೇರೆ. ಅದರ ಬೆನ್ನಿನ ತಿರುಗುಪೀಠದ ಮೇಲೆ ೪೦ ಟನ್ನಿನ ಎಂ-೧೫ ಟ್ರೈಲರಿನ ಮುಂಭಾಗವು ಕುಳಿತುಕೊಳ್ಳುವುದರಿಂದ ಹೇರಿದ ಟ್ಯಾಂಕೇ ಹಿಡಿತವನ್ನೊದಗಿಸುತ್ತದೆ.

ಮೊದಲ ಜೋಡಿಗೆ ಎಂ-೧೯, ಎರಡನೆಯದಕ್ಕೆ ಎಂ-೨೫ ಎಂದು ಸೈನ್ಯವು ಹೆಸರಿಟ್ಟಿತು. ಬಹುವ್ರೀಹಿಯಂತೆ ಎರಡು ಪದಗಳು ಕೂಡಿ ಮೂರನೆಯದನ್ನು ಹೇಳುತ್ತವೆ. ಒಂದು ಪದ ಬದಲಾದರೆ ಆ ಹೆಸರು ನಿಲ್ಲದು. ಆದರೂ ಎಂ-೯ ಇಲ್ಲದ ಡೈಮಂಡ್ ಟಿ ಎಲ್ಲವೂ ಅಪಪಾಠವೆನ್ನಲಾಗದು: ಬ್ರಿಟಿಷ್ ಸೈನ್ಯದಲ್ಲಿ ಅದು ಇಂಗ್ಲೆಂಡಿನಲ್ಲಿ ತಯಾರಾದ ೪೦ ಟನ್ನಿನ ಟ್ರೈಲರನ್ನೂ ಎಳೆದಿದೆ. ಅಂಥದಕ್ಕೆ ಎಂ-೯ನ್ನು ಕಟ್ಟಿ ತಿದ್ದಿದರೆ ಶುದ್ಧಪಾಠವನ್ನೇ ಅಳಿಸಿದಂತಾಗುವುದು.